ಮೊದಲು ಯಂತ್ರ, ಆಮೇಲೆ ಮನುಷ್ಯ

ಉಳ್ಳಾಲದ ಕಡಲ ಮರಳಿನಲ್ಲಿ ಮೊನಜೈಟ್ ಇದೆ. ಅದರೊಳಗಿನ ಥೋರಿಯಂ ಆಲ್ಫಾ ಕಣಗಳನ್ನು ಹೊರಸೂಸುತ್ತದೆ. ಯಾದಗಿರಿ ಜಿಲ್ಲೆಯ ಗೋಗಿಯ ಯುರೇನಿಯಂ ಅದಿರಿಗೂ ಅದೇ ಗುಣ. ಸಿದ್ಧಕಟ್ಟೆಯ ಪೇಟೆಗೆ ಇದು ದೂರದ ಮಾತೆನಿಸಬಹುದು. ಆದರೆ ಹೆಂಚಿನ ಕಾರ್ಖಾನೆಯ ಧೂಳು ಕುಡಿದವರಿಗೆ ಕಾಣದ ಕೇಡೆಂದರೇನೆಂದು ಗೊತ್ತು.

ಆಲ್ಫಾ ಕಣ ಗಾಳಿಯಲ್ಲಿ ಕೆಲವೇ ಸೆಂಟಿಮೀಟರ್ ಸಾಗುತ್ತದೆ. ಒಂದು ಹಾಳೆ ಕಾಗದ ಅದನ್ನು ತಡೆಯುತ್ತದೆ. ಧೂಳಿನೊಡನೆ ಶ್ವಾಸಕೋಶ ಸೇರಿದರೆ ಕ್ಯಾನ್ಸರಿಗೆ ದಾರಿ. ಅದನ್ನು ಅಳೆಯಲು ಸಾಮಾನ್ಯ ಮಾಪಕವನ್ನು ನೆಲಕ್ಕೆ ತಾಗುವಷ್ಟು ಸಮೀಪ ಹಿಡಿಯಬೇಕು. ಹಿಡಿಯುವ ಕೈ ಯಾರದು? ದುಡಿಯುವವನದು.

ಈಗ ಬೇರೆ ದಾರಿ ತೆರೆದಿದೆ. ಆಲ್ಫಾ ಕಣ ಬಡಿದಾಗ ಗಾಳಿಯ ಸಾರಜನಕ ಮಂದವಾದ ನೇರಳಾತೀತ ಬೆಳಕನ್ನು ಸೂಸುತ್ತದೆ. ನಮ್ಮ ಕಣ್ಣಿಗೆ ಕಾಣದ ಆ ಬೆಳಕನ್ನು ಸೂಕ್ಷ್ಮ ಕ್ಯಾಮೆರಾ ಮೀಟರುಗಟ್ಟಲೆ ದೂರದಿಂದ ಹಿಡಿಯಬಲ್ಲದು. 2020ರಲ್ಲಿ ಯುರೋಪಿನ ಸಂಸ್ಥೆಗಳು ಇದಕ್ಕೆಂದೇ 'ರಿಮೋಟ್ ಆಲ್ಫಾ' ಯೋಜನೆ ಆರಂಭಿಸಿದವು. ಹಗಲ ಬೆಳಕಿನಲ್ಲಿ ಈ ಮಿನುಗು ಮುಳುಗಿಹೋಗುವುದೇ ದೊಡ್ಡ ತೊಡಕು.

2009ರ ನವೆಂಬರಿನಲ್ಲಿ ಕೈಗಾ ಸ್ಥಾವರದ ಕುಡಿಯುವ ನೀರಿಗೆ ಟ್ರಿಟಿಯಂ ಸೇರಿದ್ದು ಗೊತ್ತಾದದ್ದು ಕಾರ್ಮಿಕರ ಮೂತ್ರ ಪರೀಕ್ಷೆಯಿಂದ. ಟ್ರಿಟಿಯಂ ಆಲ್ಫಾ ಸೂಸದು. ಈ ಕ್ಯಾಮೆರಾ ಅದಕ್ಕೆ ಮದ್ದಲ್ಲ. ಆದರೆ ಪಾಠ ಒಂದೇ: ದುಡಿಯುವವನ ಮೈಯೇ ಮಾಪಕವಾಗಬಾರದು.

ನಾವು ಕೇಳುವುದಿಷ್ಟು. ವಿಕಿರಣವಿರುವಲ್ಲಿಗೆ ಮೊದಲು ಯಂತ್ರ ಹೋಗಲಿ, ಆಮೇಲೆ ಮನುಷ್ಯ. ಅಳತೆಯ ಅಂಕಿಗಳು ಕನ್ನಡದಲ್ಲಿ ಗೇಟಿನ ಫಲಕದ ಮೇಲೆ ಬರಲಿ. ವಿಜ್ಞಾನಕ್ಕೆ ಹಣ ಕೊಡುವವರು ಜನ. ಅದರ ರಕ್ಷಣೆಯೂ ಮೊದಲು ಜನಕ್ಕೇ ಸಲ್ಲಬೇಕು.