ಪದಕ ಬರಲಿ, ನಮಗೂ ಈಜು ಬರಲಿ

ಭಾರತದ ಈಜಿನ ಬಗ್ಗೆ ಮಾತನಾಡುವಾಗ ಬೆಂಗಳೂರನ್ನು ಬಿಡುವಂತೆಯೇ ಇಲ್ಲ. 2000ರಲ್ಲಿ ಸಿಡ್ನಿ ಒಲಿಂಪಿಕ್ಸ್‌ಗೆ ಹೋದ ನಿಶಾ ಮಿಲೆಟ್, 2008ರಲ್ಲಿ ಬೀಜಿಂಗ್‌ಗೆ ಹೋದ ರೆಹಾನ್ ಪೊಂಚಾ, ಟೋಕಿಯೊ ಮತ್ತು ಪ್ಯಾರಿಸ್ ಎರಡರಲ್ಲೂ ಈಜಿದ ಶ್ರೀಹರಿ ನಟರಾಜ್, ಎಲ್ಲರೂ ಇಲ್ಲಿನ ಕೊಳಗಳಲ್ಲಿ ಪಳಗಿದವರು. ಪ್ಯಾರಿಸ್‌ಗೆ ಹೋದ ಭಾರತ ತಂಡದ ಅತಿ ಕಿರಿಯ ಸದಸ್ಯೆ, 14 ವರ್ಷದ ಧಿನಿಧಿ ದೇಸಿಂಗು ಕೂಡ ಬೆಂಗಳೂರಿನ ಹುಡುಗಿ. ಈ ಸಾಧನೆಗಳ ಹಿಂದೆ ಬಸವನಗುಡಿ ಅಕ್ವಾಟಿಕ್ ಸೆಂಟರ್, ಡಾಲ್ಫಿನ್ ಅಕ್ವಾಟಿಕ್ಸ್‌ನಂತಹ ಕ್ಲಬ್‌ಗಳಿವೆ. ದ್ರೋಣಾಚಾರ್ಯ ಪ್ರಶಸ್ತಿ ಪಡೆದ ನಿಹಾರ್ ಅಮೀನ್, ಎಸ್. ಪ್ರದೀಪ್ ಕುಮಾರ್ ಅವರಂತಹ ಕೋಚ್‌ಗಳಿದ್ದಾರೆ.

ಇದೆಲ್ಲ ಹೆಮ್ಮೆಯ ವಿಷಯವೇ. ಆದರೆ ಇದೇ ಊರಿನ ಯಾವುದಾದರೂ ಎಂಜಿನಿಯರಿಂಗ್ ಕಾಲೇಜಿನ ತರಗತಿಗೆ ಹೋಗಿ ‘ಯಾರಿಗೆಲ್ಲ ಈಜು ಬರುತ್ತದೆ?’ ಎಂದು ಕೇಳಿ ನೋಡಿ. ನಮ್ಮ ಸೆಕ್ಷನ್‌ನ 60 ಜನರಲ್ಲಿ ಕೈ ಎತ್ತುವವರು ಹತ್ತು ಮಂದಿಯೂ ಇಲ್ಲ. ಅವರಲ್ಲೂ ಹೆಚ್ಚಿನವರು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಊರಿನ ಬಾವಿಯಲ್ಲಿ ಕಲಿತವರು. ನಗರದಲ್ಲಿ ಹುಟ್ಟಿ ಬೆಳೆದವರೇ ನೀರು ಕಂಡರೆ ದಡದಲ್ಲಿ ನಿಲ್ಲುವವರು. ದಡದಲ್ಲೇ ನಿಂತರೆ ಪರವಾಗಿಲ್ಲ, ಇಂಟರ್ನಲ್ಸ್ ಮುಗಿದ ಮರುದಿನ ಮುತ್ತತ್ತಿ, ಮೇಕೆದಾಟು ಎಂದು ಬೈಕ್ ಹತ್ತುವವರೂ ನಾವೇ. ಅಲ್ಲಿ ಮುಳುಗಿದ ವಿದ್ಯಾರ್ಥಿಗಳ ಸುದ್ದಿಯನ್ನು ಎಷ್ಟು ಸಲ ಓದಿಲ್ಲ? ದೇಶದಲ್ಲಿ ವರ್ಷಕ್ಕೆ 30 ಸಾವಿರಕ್ಕೂ ಹೆಚ್ಚು ಜನ ನೀರಿನಲ್ಲಿ ಮುಳುಗಿ ಸಾಯುತ್ತಿದ್ದಾರೆ. ಈಜು ಬಂದ ಮಾತ್ರಕ್ಕೆ ಹೊಳೆಯ ಸುಳಿಯಿಂದ ಪಾರಾಗುತ್ತೇವೆ ಎಂದಲ್ಲ. ಆದರೆ ಈಜು ಕಲಿತವನಿಗೆ ಎಲ್ಲಿ ಇಳಿಯಬಾರದು ಎಂಬ ಅಂದಾಜಾದರೂ ಇರುತ್ತದೆ.

ಹಾಗಾದರೆ ನಾವೇಕೆ ಕಲಿಯುತ್ತಿಲ್ಲ? ಮೊದಲನೆಯದು ಶುಲ್ಕ. ಪಿ.ಜಿ. ಬಾಡಿಗೆ, ಬಸ್ ಪಾಸ್, ಜೆರಾಕ್ಸ್ ಎಲ್ಲ ಕಳೆದು ಉಳಿದ ಹಣದಲ್ಲಿ ಕ್ಲಬ್ ಸದಸ್ಯತ್ವ ದೂರದ ಮಾತು. ಎರಡನೆಯದು ಸಮಯ. ಬೆಳಿಗ್ಗೆ ಮತ್ತು ಸಂಜೆಯ ಬ್ಯಾಚ್‌ಗಳು ಸ್ಪರ್ಧಿಗಳಿಗೆ, ಶಾಲಾ ಮಕ್ಕಳಿಗೆ ಮೀಸಲು. ಅದು ಸರಿಯೂ ಹೌದು. ದಿನಕ್ಕೆ ಎರಡು ಹೊತ್ತು ನೀರಿಗಿಳಿಯದೆ ಯಾರೂ ಒಲಿಂಪಿಕ್ಸ್ ತಲುಪುವುದಿಲ್ಲ. ಅವರ ಲೇನ್ ನಮಗೆ ಬೇಡ.

ನಾನು ಕೇಳುತ್ತಿರುವುದು ಮಧ್ಯಾಹ್ನದ ಖಾಲಿ ಹೊತ್ತು. 50 ಮೀಟರ್ ಉದ್ದ, 25 ಮೀಟರ್ ಅಗಲ, 2 ಮೀಟರ್ ಆಳದ ಕೊಳವೆಂದರೆ 25 ಲಕ್ಷ ಲೀಟರ್ ನೀರು. ಅದರಲ್ಲಿ ನೂರು ಜನ ಈಜಲಿ, ಯಾರೂ ಇಲ್ಲದಿರಲಿ, ಪಂಪ್ ಓಡಲೇಬೇಕು, ಫಿಲ್ಟರ್ ನಡೆಯಲೇಬೇಕು, ಕ್ಲೋರಿನ್ ಹಾಕಲೇಬೇಕು. ಅಂದರೆ ಖಾಲಿ ಹೊತ್ತಿನಲ್ಲಿ ಒಂದು ಬ್ಯಾಚ್ ಸೇರಿಸಿದರೆ ಹೆಚ್ಚಾಗುವ ಖರ್ಚು ಮುಖ್ಯವಾಗಿ ಒಬ್ಬ ಕೋಚ್ ಮತ್ತು ಲೈಫ್‌ಗಾರ್ಡ್‌ಗಳ ಸಂಬಳ. 2024ರ ಬೇಸಿಗೆಯಲ್ಲಿ ಕುಡಿಯುವ ನೀರನ್ನು ಈಜುಕೊಳಕ್ಕೆ ಬಳಸಿದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶಿಸಿದ್ದು ನೆನಪಿರಬಹುದು. ನೀರಿಗೆ ಇಷ್ಟು ಬರವಿರುವ ಊರಿನಲ್ಲಿ, ಈಗಾಗಲೇ ತುಂಬಿರುವ ಕೊಳ ಹೆಚ್ಚು ಜನರಿಗೆ ಉಪಯೋಗವಾಗಬೇಕಲ್ಲವೇ?

‘ಮಧ್ಯಾಹ್ನ ನಿಮಗೆ ಕ್ಲಾಸ್ ಇರುತ್ತದಲ್ಲ’ ಎನ್ನಬಹುದು. ವಿಟಿಯುನ 2022ರ ಸ್ಕೀಮ್‌ನಲ್ಲಿ ಎನ್‌ಎಸ್‌ಎಸ್, ದೈಹಿಕ ಶಿಕ್ಷಣ, ಯೋಗ ಈ ಮೂರರಲ್ಲಿ ಒಂದನ್ನು ತೆಗೆದುಕೊಳ್ಳುವುದು ಕಡ್ಡಾಯ. ಆ ಅವಧಿ ಎಷ್ಟೋ ಕಡೆ ಹಾಜರಿಗಷ್ಟೇ ಸೀಮಿತ. ದೈಹಿಕ ಶಿಕ್ಷಣ ಆರಿಸಿಕೊಂಡವರಿಗೆ ಅದೇ ಅವಧಿಯಲ್ಲಿ, ಒಂದು ಸೆಮಿಸ್ಟರ್ ಮಟ್ಟಿಗೆ, ಹತ್ತಿರದ ಕೊಳದಲ್ಲಿ ಈಜು ಕಲಿಸಲಿ. ಕಾಲೇಜುಗಳು ಕೋಟಿಗಟ್ಟಲೆ ಸುರಿದು ತಮ್ಮದೇ ಕೊಳ ಕಟ್ಟಬೇಕಿಲ್ಲ. ಹತ್ತಿರದ ಕ್ಲಬ್ ಅಥವಾ ಪಾಲಿಕೆಯ ಕೊಳದೊಂದಿಗೆ ಒಪ್ಪಂದ ಮಾಡಿಕೊಂಡರೆ ಸಾಕು. ಹುಡುಗಿಯರಿಗೆ ಪ್ರತ್ಯೇಕ ಬ್ಯಾಚ್ ಮತ್ತು ಮಹಿಳಾ ಕೋಚ್ ಇದ್ದರೆ, ಮನೆಯಲ್ಲಿ ‘ಬೇಡ’ ಎನ್ನುವವರೂ ಒಪ್ಪುತ್ತಾರೆ.

ಇದರಿಂದ ಕ್ರೀಡೆಗೂ ಲಾಭವಿದೆ. ಈಗ ಅಂತರ ಕಾಲೇಜು ಈಜು ಸ್ಪರ್ಧೆಗೆ ಹೆಸರು ಕೊಡುವವರು ಸಾಮಾನ್ಯವಾಗಿ ಚಿಕ್ಕಂದಿನಿಂದ ಕ್ಲಬ್‌ನಲ್ಲಿ ಬೆಳೆದವರು. ಇಪ್ಪತ್ತಕ್ಕೆ ಕಲಿತವರು ಅವರನ್ನು ಹಿಂದಿಕ್ಕಲಾರರು, ನಿಜ. ಆದರೆ ಗ್ಯಾಲರಿಯಲ್ಲಿ ಕೂತು ನೋಡುವವರು, ಲೈಫ್‌ಗಾರ್ಡ್ ಆಗುವವರು, ಮುಂದೆ ತಮ್ಮ ಮಕ್ಕಳನ್ನು ಕೊಳಕ್ಕೆ ಕರೆತರುವವರು ಇವರಲ್ಲೇ ಸಿಗುತ್ತಾರೆ.

ಗೆಳೆಯರೇ, ಇದಕ್ಕೆ ಸರ್ಕಾರದ ಆದೇಶಕ್ಕಾಗಿ ಕಾಯಬೇಕಿಲ್ಲ. ನಿಮ್ಮ ಕಾಲೇಜಿಗೆ ಹತ್ತಿರದ ಕೊಳ ಯಾವುದು, ಯಾವ ಹೊತ್ತಿನಲ್ಲಿ ಖಾಲಿ ಇರುತ್ತದೆ ಎಂದು ವಿಚಾರಿಸಿ. ಆಸಕ್ತಿ ಇರುವ ಮೂವತ್ತು ಜನರ ಸಹಿ ಹಾಕಿಸಿ ಪಿಇ ಸರ್ ಕೈಗೆ ಕೊಡಿ. ನಮ್ಮ ಕಾಲೇಜಿನಲ್ಲಿ ಈ ವಾರ ಸಹಿ ಸಂಗ್ರಹ ಶುರುವಾಗಿದೆ.