ನಪಾಸಾದ ಮಗುವಿಗೆ 24 ದಿನ!

2025ರ ಮೇ 2 ರಂದು ನಮ್ಮ ರಾಜ್ಯದ ಎಸ್.ಎಸ್.ಎಲ್.ಸಿ. ಫಲಿತಾಂಶ ಹೊರಬಿತ್ತು. ನೂರಕ್ಕೆ 62.34 ಮಂದಿ ತೇರ್ಗಡೆ. ಉಳಿದವರಿಗೆ ಎರಡನೆಯ ಪರೀಕ್ಷೆ ಮೇ 26 ರಿಂದಲೇ! ಹತ್ತು ತಿಂಗಳಲ್ಲಿ ತಲೆಗೆ ಹತ್ತದ ಗಣಿತ, ವಿಜ್ಞಾನ, ಇಂಗ್ಲಿಷುಗಳು 24 ದಿನಗಳಲ್ಲಿ ಹತ್ತಬೇಕಂತೆ. ಹೇಳಿಕೊಡುವವರಾರು?

ದುಡ್ಡುಳ್ಳವರ ಮಗನಿಗೆ ಏಪ್ರಿಲ್ ತಿಂಗಳಿನಿಂದಲೇ ಟ್ಯೂಷನ್ ಉಂಟು. ಗಿರಣಿ ಕಾರ್ಮಿಕನ ಮಗಳು, ತಳ್ಳುಗಾಡಿಯ ವ್ಯಾಪಾರಿಯ ಮಗ ಎಲ್ಲಿಗೆ ಹೋಗಬೇಕು? ಅವರ ಶಾಲೆಗೆ ಬೀಗ. ಅಲ್ಲಿ ಗಣಿತ ಹೇಳುತ್ತಿದ್ದ ಅತಿಥಿ ಶಿಕ್ಷಕನನ್ನು ಪಾಠದ ವರ್ಷ ಮುಗಿಯುತ್ತಲೇ ಮನೆಗೆ ಕಳುಹಿಸಿಯಾಗಿದೆ. ಬೇಸಿಗೆಯಲ್ಲಿ ಅವನಿಗೆ ಸಂಬಳವಿಲ್ಲ, ಮಗುವಿಗೆ ಪಾಠವಿಲ್ಲ. ಕಾಯಂ ಮೇಷ್ಟರನ್ನು ನೇಮಿಸದೆ ಅತಿಥಿಗಳಿಂದ ಶಾಲೆ ನಡೆಸುವ ಸರ್ಕಾರಕ್ಕೆ ಇದು ಉಳಿತಾಯವಾಗಿ ಕಾಣುತ್ತದೆ!

2024ರಲ್ಲಿ ರಜೆಯಲ್ಲೇ ವಿಶೇಷ ತರಗತಿ ನಡೆಸಿರೆಂದು ಇಲಾಖೆ ಆಜ್ಞೆ ಹೊರಡಿಸಿದಾಗ ಶಿಕ್ಷಕರು ವಿರೋಧಿಸಿದರು. ಅವರನ್ನು ಬೈಯುವುದು ಸುಲಭ. ಕರಿಹಲಗೆಯ ಮುಂದೆ ನಿಂತು ಬಂದ ನಾವು ಬೈಯಲಾರೆವು. ರಜೆಯಲ್ಲಿ ದುಡಿಸುವವರು ಅದಕ್ಕೆ ತಕ್ಕ ಪ್ರತಿಫಲವನ್ನೂ ಮೊದಲೇ ಹೇಳಬೇಕು.

ಹಣವಿಲ್ಲವೆನ್ನುತ್ತೀರಾ? ಅದೇ 2024ರ ಬರಗಾಲದ ಬೇಸಿಗೆಯಲ್ಲಿ ಬರಪೀಡಿತ ತಾಲ್ಲೂಕುಗಳ ಶಾಲೆಗಳಲ್ಲಿ ಬಿಸಿಯೂಟ ಹಾಕಿದಿರಲ್ಲ! ರಜೆಯಲ್ಲಿ ಅಡಿಗೆ ಕೋಣೆಯ ಬೀಗ ತೆಗೆಯುವುದಾದರೆ ಪಕ್ಕದ ಪಾಠದ ಕೋಣೆಯ ಬೀಗ ಏಕೆ ತೆಗೆಯಬಾರದು?

ಆದರೆ ಮಂತ್ರಿಮಹಾಶಯರಿಗೆ ಬೇರೆ ದಾರಿ ಹೊಳೆದಿದೆ. 2024ರಲ್ಲಿ ಕೃಪಾಂಕ ಸುರಿದರು. ಆಗ ಫಲಿತಾಂಶ 73.40 ಆಯಿತು. 2025ರ ಅಕ್ಟೋಬರಿನಲ್ಲಿ ಪಾಸಿನ ಗೆರೆಯನ್ನೇ 35 ರಿಂದ 33 ಕ್ಕೆ ಇಳಿಸುವುದಾಗಿ ಸಾರಿದರು. ಭಾಗಾಕಾರ ಬಾರದ ಹುಡುಗನಿಗೆ ಎರಡು ಅಂಕ ಬಿಟ್ಟುಕೊಟ್ಟರೆ ಭಾಗಾಕಾರ ಬಂದೀತೆ? ಅಂಗಡಿಯ ಲೆಕ್ಕದಲ್ಲಿ ಅವನು ಮೋಸಹೋಗುವುದು ತಪ್ಪೀತೆ? ಕೂಲಿ ಚೀಟಿಯಲ್ಲಿ ಎಷ್ಟು ಹಿಡಿದುಕೊಂಡರೆಂದು ಅವನು ಲೆಕ್ಕ ಹಾಕಬಲ್ಲನೆ?

ಇಲ್ಲಿ ಕಾನೂನೂ ಬಡವನ ಕೈಬಿಡುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆ 14 ವರ್ಷಕ್ಕೇ ನಿಲ್ಲುತ್ತದೆ. ನಪಾಸಾಗುವ ಮಗುವಿಗೆ ಹದಿನೈದೋ ಹದಿನಾರೋ.

ನಾವು ಕೇಳುವುದು ಇಷ್ಟೇ: ಹತ್ತನೆಯವರ ಫಲಿತಾಂಶಕ್ಕೆ ಕಾಯದೆ, ಎಂಟು ಮತ್ತು ಒಂಬತ್ತನೆಯ ತರಗತಿಯಲ್ಲಿ ಹಿಂದುಳಿದವರಿಗೆ ಏಪ್ರಿಲ್ ಮಧ್ಯದಿಂದಲೇ ಸರ್ಕಾರಿ ಶಾಲೆಗಳಲ್ಲಿ ಬೆಳಗಿನ ಹೊತ್ತು ಪುಕ್ಕಟೆ ಪಾಠ, ಮಧ್ಯಾಹ್ನ ಊಟ, ಅತಿಥಿ ಶಿಕ್ಷಕರಿಗೆ ಹನ್ನೆರಡು ತಿಂಗಳ ಸಂಬಳ, ಕಾಯಂ ಶಿಕ್ಷಕರಿಗೆ ಗಳಿಕೆ ರಜೆ. ಮಿಲ್ಲಿನ ಬಂಧುಗಳೂ ಅಂಗಡಿಯ ಬಂಧುಗಳೂ ತಮ್ಮ ಶಾಲೆಯ ಎಸ್.ಡಿ.ಎಂ.ಸಿ. ಸಭೆಯಲ್ಲಿ ಇದನ್ನು ಠರಾವು ಮಾಡಿಸಿ, ಕ್ಷೇತ್ರ ಶಿಕ್ಷಣಾಧಿಕಾರಿಯ ಕಚೇರಿಗೆ ಮಾರ್ಚಿಯೊಳಗೆ ಮುಟ್ಟಿಸಬೇಕು.