ಎಳೆಯರೊಡನೆ ಎರಡು ಮಾತು: ಮಗುವಿರುವ ಮನೆಗೆ ಯಾವ ನಾಯಿ?



ಈ ಬಾರಿ ಡೊಂಬಿವಲಿಯ ತರುಣ ದಂಪತಿಗಳಿಂದ ಒಂದು ಪ್ರಶ್ನೆ ಬಂದಿದೆ. ಇಬ್ಬರೂ ಇಲ್ಲಿಯೇ ಹುಟ್ಟಿ ಬೆಳೆದವರು, ಇಬ್ಬರೂ ನೌಕರಿಯಲ್ಲಿರುವವರು. ನಾಲ್ಕು ವರ್ಷದ ಮಗನಿದ್ದಾನೆ, ಮನೆಯಲ್ಲಿ ಅವನ ಅಜ್ಜಿ ಇದ್ದಾರೆ. ಒಂದು ಹಾಲ್, ಒಂದು ಬೆಡ್‌ರೂಮ್, ಒಂದು ಅಡುಗೆಮನೆ. ಮೂರನೆಯ ಮಾಳಿಗೆ, ಲಿಫ್ಟ್ ಇಲ್ಲ. ಹುಡುಗ ನಾಯಿ ಬೇಕೆಂದು ಹಟ ಹಿಡಿದಿದ್ದಾನೆ. "ಹೇಗೂ ಸಾಕುವುದಾದರೆ ನಮ್ಮ ಕರ್ನಾಟಕದ ಮುಧೋಳ ನಾಯಿಯನ್ನೇ ಏಕೆ ಸಾಕಬಾರದು?" ಎಂದು ಕೇಳಿದ್ದಾರೆ.

ಪ್ರಶ್ನೆಯ ಹಿಂದಿನ ಅಭಿಮಾನಕ್ಕೆ ಮೊದಲು ಶಹಬ್ಬಾಸ್ ಹೇಳೋಣ. ಬಾಗಲಕೋಟೆ ಜಿಲ್ಲೆಯ ಮುಧೋಳ ಹಿಂದೆ ಘೋರ್ಪಡೆ ಮನೆತನದ ಸಂಸ್ಥಾನವಾಗಿತ್ತು. ಅಲ್ಲಿನ ರಾಜಾ ಮಾಲೋಜಿರಾವ್ ಘೋರ್ಪಡೆಯವರು ಈ ಬೇಟೆನಾಯಿಯ ತಳಿಯನ್ನು ಕಾಪಾಡಿ ಬೆಳೆಸಿದರು. ಅವರು ಇಂಗ್ಲೆಂಡಿನ ಐದನೆಯ ಜಾರ್ಜ್ ದೊರೆಗೆ ಒಂದು ಜೋಡಿ ಕಾಣಿಕೆ ಕೊಟ್ಟರೆಂದೂ, 'ಮುಧೋಳ ಹೌಂಡ್' ಎಂಬ ಹೆಸರು ಅಲ್ಲಿಂದ ಬಂದಿತೆಂದೂ ಹೇಳುತ್ತಾರೆ. ಇಲ್ಲಿ ಮಹಾರಾಷ್ಟ್ರದಲ್ಲಿ ಇದೇ ನಾಯಿಗೆ ಕಾರವಾನಿ ಎನ್ನುವರು. 2005ರಲ್ಲಿ ಅಂಚೆ ಇಲಾಖೆ ನಮ್ಮ ದೇಶದ ನಾಲ್ಕು ತಳಿಗಳ ಅಂಚೆಚೀಟಿ ಹೊರಡಿಸಿದಾಗ ಅದರಲ್ಲಿ ಮುಧೋಳವೂ ಒಂದು. 2016ರಲ್ಲಿ ಸೇನೆ ಮೀರತ್‌ನ ತನ್ನ ಕೇಂದ್ರದಲ್ಲಿ ಇದಕ್ಕೆ ತರಬೇತಿ ಕೊಡಲಾರಂಭಿಸಿತು. ಮುಧೋಳದ ಬಳಿ ತಿಮ್ಮಾಪುರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವೇ ಇದೆ.

ಕನ್ನಡಿಗರಿಗೂ ನಾಯಿಗೂ ಇರುವ ನಂಟು ಇನ್ನೂ ಹಳೆಯದು. ಮಂಡ್ಯ ಜಿಲ್ಲೆಯ ಮದ್ದೂರು ತಾಲೂಕಿನ ಆತಕೂರಿನಲ್ಲಿ ಸಿಕ್ಕಿದ ಹತ್ತನೆಯ ಶತಮಾನದ ಶಾಸನವನ್ನು ನಿಮ್ಮಲ್ಲಿ ಎಷ್ಟು ಮಂದಿ ಬಲ್ಲಿರೋ ಕಾಣೆ. ರಾಷ್ಟ್ರಕೂಟರ ಮೂರನೆಯ ಕೃಷ್ಣನೂ ಗಂಗರ ಬೂತುಗನೂ ತಕ್ಕೋಲದಲ್ಲಿ ಚೋಳರನ್ನು ಸೋಲಿಸಿದ ಕಾಲ ಅದು, ಅಂದರೆ 949ರ ಆಸುಪಾಸು. ಆ ಕಾಳಗದಲ್ಲಿ ಪರಾಕ್ರಮ ತೋರಿದ ಮಣಲೇರನೆಂಬ ವೀರ ಬಹುಮಾನವಾಗಿ ಬೇಡಿ ಪಡೆದದ್ದು ಊರನ್ನಲ್ಲ, ಹೊನ್ನನ್ನಲ್ಲ, ಕಾಳಿ ಎಂಬ ಬೇಟೆನಾಯಿಯನ್ನು! ಆ ಕಾಳಿ ಮುಂದೆ ಒಂದು ದೊಡ್ಡ ಕಾಡುಹಂದಿಯೊಡನೆ ಸೆಣಸಿ, ಅದನ್ನು ಕೊಂದು ತಾನೂ ಸತ್ತಿತು. ಅದರ ನೆನಪಿಗೆ ಕಲ್ಲು ನಿಲ್ಲಿಸಿ, ಪೂಜೆಗೆಂದು ಭೂಮಿ ದತ್ತಿ ಬಿಟ್ಟರು. ನಾಯಿಯೂ ಹಂದಿಯೂ ಕಾದಾಡುವ ಚಿತ್ರ ಕೆತ್ತಿರುವ ಆ ಕಲ್ಲು ಈಗ ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಊರಿಗೆ ಹೋದಾಗ ಮಕ್ಕಳಿಗೆ ತೋರಿಸಿ.

ಇಷ್ಟೆಲ್ಲ ಹೇಳಿದ ಬಳಿಕವೂ, ಡೊಂಬಿವಲಿಯ ಮೂರನೆಯ ಮಾಳಿಗೆಗೆ ಮುಧೋಳ ಬೇಡವೆಂದೇ ನನ್ನ ಅಭಿಪ್ರಾಯ. ಎರಡಡಿಗೂ ಮಿಕ್ಕಿ ಎತ್ತರ ಬೆಳೆಯುವ, ಬಯಲಿನಲ್ಲಿ ಮೊಲದ ಬೆನ್ನು ಹತ್ತಲೆಂದೇ ಹುಟ್ಟಿದ ಪ್ರಾಣಿ ಅದು. ವಾಸನೆಗಿಂತ ಹೆಚ್ಚಾಗಿ ಕಣ್ಣಿನಿಂದ ಬೇಟೆ ಹಿಡಿಯುವ ಜಾತಿ. ಬಿಲ್ಡಿಂಗಿನ ಗೇಟಿನ ಬಳಿ ಬೆಕ್ಕೊಂದು ಓಡಿತೆನ್ನಿ, ಹಗ್ಗ ಹಿಡಿದವರ ಕೈ ಕಿತ್ತುಹೋಗಬೇಕು. ಮನೆಯವರಿಗೆ ನಿಷ್ಠೆಯಿಂದಿರುತ್ತದೆ, ಆದರೆ ಹೊರಗಿನವರು ಮೈಮುಟ್ಟುವುದನ್ನು ಸಾಮಾನ್ಯವಾಗಿ ಸಹಿಸದು. ಹುಡುಗನ ಹುಟ್ಟುಹಬ್ಬಕ್ಕೆ ಹದಿನೈದು ಮಕ್ಕಳು ಒಂದೇ ಹಾಲಿನಲ್ಲಿ ಸೇರುವ ನಮ್ಮ ಮನೆಗಳಲ್ಲಿ ಇದು ಸಣ್ಣ ವಿಷಯವಲ್ಲ. ಕರ್ಜತ್‌ನಲ್ಲೋ ಪನ್ವೇಲ್ ಆಚೆಯಲ್ಲೋ ಆವರಣದ ಗೋಡೆಯಿರುವ ಮನೆ, ದಿನವೂ ಓಡಿಸುವ ಆಳು ಇದ್ದರೆ ಮಾತು ಬೇರೆ.

ಹಾಗಾದರೆ ಯಾವುದು? ತಳಿಯ ಹೆಸರು ಕೇಳುವ ಮೊದಲು ಮನೆಯ ಗಡಿಯಾರ ನೋಡಿರಿ. ಬೆಳಗ್ಗೆ ಏಳೂವರೆಯ ಫಾಸ್ಟ್ ಲೋಕಲ್ ಹಿಡಿದವರು ರಾತ್ರಿ ಎಂಟಕ್ಕೆ ಮನೆ ಸೇರುವ ಊರು ನಮ್ಮದು. ನಾಯಿಗೆ ದಿನಕ್ಕೆ ಎರಡು ಸಲವಾದರೂ ಹೊರಗೆ ನಡೆದಾಟ ಬೇಕು. ಮರಿಯಾದರೆ ಎರಡು ಮೂರು ಗಂಟೆಗೊಮ್ಮೆ ಹೊರಗೆ ಕೊಂಡೊಯ್ಯಬೇಕು. ಅಪ್ಪ ಅಮ್ಮ ಇಬ್ಬರೂ ಆಫೀಸಿನಲ್ಲಿ, ಹುಡುಗ ಬಾಲವಾಡಿಯಲ್ಲಿ, ಉಳಿದವರು ಯಾರು? ಅಜ್ಜಿ. ಮೊಣಕಾಲು ನೋವಿನ ಅಜ್ಜಿ ಮೂವತ್ತು ಕಿಲೋದ ಲ್ಯಾಬ್ರಡಾರನ್ನು ಹಿಡಿದುಕೊಂಡು ಮೂರು ಮಾಳಿಗೆ ಇಳಿಯುವ ದೃಶ್ಯವನ್ನು ಒಮ್ಮೆ ಕಣ್ಣಮುಂದೆ ತಂದುಕೊಳ್ಳಿ. ನಾಯಿ ಬೇಕೆಂದು ಹಟ ಹಿಡಿಯುವವರು ಒಬ್ಬರು, ಸಾಕುವವರು ಇನ್ನೊಬ್ಬರು. ಆ ಇನ್ನೊಬ್ಬರನ್ನು ಕೇಳಿದಿರಾ? ನಾಯಿಯ ಆಯುಸ್ಸು ಹತ್ತು ಹದಿಮೂರು ವರ್ಷ. ಇಂದು ತಂದ ಮರಿ, ನಿಮ್ಮ ಹುಡುಗ ಎಸ್ಸೆಸ್ಸಿ ಪರೀಕ್ಷೆಗೆ ಕೂಡುವ ವೇಳೆಗೆ ಮುದಿಯಾಗಿ ಔಷಧಿ ತಿನ್ನುತ್ತಿರುತ್ತದೆ.

ತಳಿಗಳ ಫ್ಯಾಷನ್ ಸಿನಿಮಾ, ಜಾಹೀರಾತುಗಳ ಬೆನ್ನಿಗೆ ಬರುತ್ತದೆ. 1994ರಲ್ಲಿ 'ಹಮ್ ಆಪ್ಕೆ ಹೈ ಕೌನ್' ಚಿತ್ರದ ಟಫಿಯನ್ನು ಕಂಡವರೆಲ್ಲ ಬಿಳಿಯ ಪೊಮೆರೇನಿಯನ್ ಹುಡುಕಿದರು. 2003ರಲ್ಲಿ ಹಚ್ ಫೋನಿನ ಜಾಹೀರಾತಿನಲ್ಲಿ ಹುಡುಗನ ಹಿಂದೆ ಹಿಂದೆ ನಡೆದ ಪಗ್ ಮನೆಮನೆಗೆ ಬಂತು. 2022ರಲ್ಲಿ ಕಾಸರಗೋಡಿನ ಕಿರಣ್‌ರಾಜ್ ನಿರ್ದೇಶಿಸಿದ '777 ಚಾರ್ಲಿ'ಯನ್ನು ನೋಡಿ ನೀವೂ ಅತ್ತಿದ್ದೀರಿ. ಆದರೆ ಆ ಚಾರ್ಲಿ ಮರಿ ಮಾರುವ ಕ್ರೂರಿಯೊಬ್ಬನ ಕೈಯಿಂದ ತಪ್ಪಿಸಿಕೊಂಡು ಬಂದದ್ದೆಂಬುದನ್ನು ಥಿಯೇಟರಿನಿಂದ ಹೊರಬರುವಾಗ ಎಷ್ಟು ಮಂದಿ ನೆನಪಿಟ್ಟುಕೊಂಡರು?

ಲ್ಯಾಬ್ರಡಾರ್ ಮಕ್ಕಳೊಡನೆ ಸಹನೆಯುಳ್ಳದ್ದು, ನಿಜ. ಆದರೆ ಭಾರೀ ಹೊಟ್ಟೆಬಾಕ. ನಡೆದಾಟ ಕಡಿಮೆಯಾದರೆ ಉಬ್ಬಿ ಸೊಂಟದ ನೋವಿಗೆ ಬೀಳುತ್ತದೆ. ಅದರ ತುಂಟತನ ಎರಡು ವರ್ಷದ ತನಕ ಇಳಿಯದು, ಅಷ್ಟರಲ್ಲಿ ಬಾಲದ ಹೊಡೆತಕ್ಕೆ ಸಣ್ಣ ಮಗು ನಾಲ್ಕು ಸಲ ಉರುಳಿರುತ್ತದೆ. ಲಿಫ್ಟ್ ಇದ್ದು, ತಂದೆಯೋ ತಾಯಿಯೋ ಮನೆಯಿಂದಲೇ ಕೆಲಸ ಮಾಡುವವರಾದರೆ ಒಳ್ಳೆಯ ಆಯ್ಕೆ. ಗೋಲ್ಡನ್ ರಿಟ್ರೀವರ್ ಇನ್ನೂ ಸಾಧು, ಆದರೆ ಅಷ್ಟು ಉದ್ದದ ಕೂದಲು ನಮ್ಮ ಜುಲೈ ತಿಂಗಳ ತೇವದಲ್ಲಿ ಒಣಗುವುದೇ ಇಲ್ಲ, ಚರ್ಮರೋಗ ತಪ್ಪಿದ್ದಲ್ಲ. ಬೀಗಲ್ ಮಕ್ಕಳಿಗೆ ಒಳ್ಳೆಯ ಜೊತೆ, ಒಂಟಿಯಾಗಿ ಬಿಟ್ಟರೆ ಊಳಿಟ್ಟು ಇಡೀ ಸೊಸೈಟಿಯನ್ನು ಎಬ್ಬಿಸುತ್ತದೆ. ಪಗ್ ಸ್ವಭಾವದಲ್ಲಿ ಬಲು ಒಳ್ಳೆಯದು. ಆದರೆ ಆ ಚಪ್ಪಟೆ ಮೂಗು ಮುಂಬಯಿಯ ಸೆಕೆಯಲ್ಲಿ ಉಸಿರಾಡಲು ಪಡುವ ಪಾಡನ್ನು ನೋಡಿಯೂ ಅದನ್ನು ಸಾಕುವುದು ನನಗೆ ಸರಿಕಾಣದು. ಪೊಮೆರೇನಿಯನ್, ಡ್ಯಾಶ್‌ಹಂಡ್, ಶಿಟ್ಜು ಚಿಕ್ಕವೆಂದು ಮಗುವಿಗೆ ತಕ್ಕವೆಂದು ತಿಳಿಯಬೇಡಿ. ಮಗು ಎತ್ತಿ ಬೀಳಿಸುವುದು ಇಂಥವನ್ನೇ, ಹೆದರಿ ಕಚ್ಚುವುದೂ ಇಂಥವೇ. ಹಸ್ಕಿ ಹಿಮದ ನಾಡಿನದು. ಅದರ ಮಾತೇ ಬೇಡ.

ರಾಟ್‌ವೈಲರ್, ಪಿಟ್‌ಬುಲ್ ಮುಂತಾದ 23 ತಳಿಗಳನ್ನು ನಿಷೇಧಿಸಬೇಕೆಂದು ಕೇಂದ್ರ ಸರಕಾರ 2024ರ ಮಾರ್ಚಿನಲ್ಲಿ ಸುತ್ತೋಲೆ ಹೊರಡಿಸಿತ್ತು. ಸಂಬಂಧಪಟ್ಟವರ ಅಭಿಪ್ರಾಯ ಕೇಳಲಿಲ್ಲವೆಂದು ಕರ್ನಾಟಕ ಹೈಕೋರ್ಟು ಮರುತಿಂಗಳೇ ಅದನ್ನು ರದ್ದು ಮಾಡಿತು. ಕಾನೂನು ಏನೇ ಇರಲಿ, ನಾಯಿ ಸಾಕಿ ಅನುಭವವಿಲ್ಲದವರು, ಅದರಲ್ಲೂ ಮಗುವಿರುವವರು, ಆ ಬಲಶಾಲಿಗಳ ಗೋಜಿಗೆ ಹೋಗದಿರುವುದೇ ಮೇಲು.

ನನ್ನ ಸಲಹೆ ಹಲವರಿಗೆ ಸಪ್ಪೆ ಎನಿಸಬಹುದು: ನಮ್ಮ ಗಲ್ಲಿಯ ಊರನಾಯಿ. ಇಲ್ಲಿನವರು ಗಾಂವಠಿ ಎಂದು ಮೂಗು ಮುರಿಯುತ್ತಿದ್ದುದಕ್ಕೆ ಈಗ 'ಇಂಡಿ' ಎಂಬ ಚೆಂದದ ಹೆಸರು ಬಂದಿದೆ. ಹದಿನೈದು ಇಪ್ಪತ್ತು ಕಿಲೋದ ಮಧ್ಯಮ ಗಾತ್ರ, ಗಿಡ್ಡ ಕೂದಲು, ಈ ಹವೆಗೆ ತಲೆಮಾರುಗಳಿಂದ ಒಗ್ಗಿದ ಮೈ. ಫೋರ್ಟ್‌ನ ಬಾಂಬೆ ಹೌಸ್‌ನಲ್ಲಿ 2018ರ ನವೀಕರಣದ ಬಳಿಕ ಬೀದಿನಾಯಿಗಳಿಗೆಂದೇ ಒಂದು ಕೋಣೆ ಮೀಸಲಿಟ್ಟ ರತನ್ ಟಾಟಾ ಅವರಿಗೆ ಬೆಲೆಬಾಳುವ ತಳಿ ಕೊಳ್ಳಲು ಹಣವಿರಲಿಲ್ಲವೇ? ಒಂದು ಮಾತು: ಮಗುವಿರುವ ಮನೆಗೆ ಮರಿಗಿಂತ ಎರಡು ಮೂರು ವರ್ಷದ, ಸ್ವಭಾವ ಗೊತ್ತಿರುವ ನಾಯಿ ಲೇಸು. ಮರಿಯ ಹಲ್ಲು ಸೂಜಿಯಂತೆ. ಆರೇಳು ತಿಂಗಳ ತನಕ ಸಿಕ್ಕಿದ್ದನ್ನೆಲ್ಲ ಕಚ್ಚುತ್ತದೆ, ಮಗುವಿನ ಬೆರಳನ್ನೂ. ವೆಲ್‌ಫೇರ್ ಆಫ್ ಸ್ಟ್ರೇ ಡಾಗ್ಸ್‌ನಂಥ ಸಂಸ್ಥೆಗಳಲ್ಲಿ ವಿಚಾರಿಸಿ. ಮಗುವನ್ನು ಜೊತೆಗೆ ಕರೆದುಕೊಂಡು ಮೂರು ನಾಲ್ಕು ಸಲ ಹೋಗಿ. ಮಗುವಿನ ಕಿರುಚಾಟ ಕೇಳಿಯೂ ಬಾಲ ಅಲ್ಲಾಡಿಸುತ್ತ ತಾನಾಗಿ ಹತ್ತಿರ ಬರುವ ನಾಯಿ ನಿಮ್ಮದು. ಮೂಲೆಗೆ ಸರಿಯುವುದು ಬೇರೆಯವರದು.

ಕೊಳ್ಳಲೇಬೇಕೆನ್ನುವವರು ಕ್ರಾಫರ್ಡ್ ಮಾರ್ಕೆಟ್ಟಿನ ಪಂಜರದಿಂದ ತರಬೇಡಿ. 2017ರ ನಿಯಮದಂತೆ ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ, ಮಾರುವವರು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿರಬೇಕು. ತಾಯಿನಾಯಿಯನ್ನು ತೋರಿಸಿ ಎನ್ನಿ. ತೋರಿಸದಿದ್ದರೆ ಎದ್ದು ಬನ್ನಿ. ಮಹಾನಗರಪಾಲಿಕೆಯ ಲೈಸೆನ್ಸ್ ಮಾಡಿಸಿ. ಮುಂಬಯಿ, ಠಾಣೆ, ಕಲ್ಯಾಣ-ಡೊಂಬಿವಲಿ, ನವಿ ಮುಂಬಯಿಗಳಿಗೆ ಬೇರೆ ಬೇರೆ ಪಾಲಿಕೆ ಎಂಬುದು ನೆನಪಿರಲಿ. ಸೊಸೈಟಿಯವರು ಬಹುಮತದಿಂದಲೂ ನಾಯಿ ಸಾಕುವುದನ್ನು ನಿಷೇಧಿಸುವಂತಿಲ್ಲವೆಂದು ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲಿ ಸ್ಪಷ್ಟಪಡಿಸಿದೆ. ಅದನ್ನು ಹಿಡಿದು ಜಗಳಕ್ಕೆ ಹೋಗುವ ಮುನ್ನ ಮೆಟ್ಟಿಲ ಮೇಲಿನ ಹೇಲು ಬಳಿಯುವುದನ್ನು ಕಲಿಯಿರಿ.

ಇನ್ನು ಮಗುವಿನ ವಿಷಯ. ಸಣ್ಣ ಮಕ್ಕಳನ್ನು ಕಚ್ಚುವುದು ಹೆಚ್ಚಾಗಿ ಬೀದಿಯ ಅಪರಿಚಿತ ನಾಯಿಯೆಂದು ನಾವು ತಿಳಿದಿದ್ದೇವೆ. ಮನೆಯದೇ, ಇಲ್ಲವೇ ಪರಿಚಯದವರದೇ ನಾಯಿ ಕಚ್ಚುವುದು ಬಹಳ. ಮಗುವಿನ ಎತ್ತರಕ್ಕೆ ಸಿಗುವುದು ಮುಖ, ಕುತ್ತಿಗೆ. ಆದುದರಿಂದ ಆರು ವರ್ಷದೊಳಗಿನ ಮಗುವನ್ನೂ ನಾಯಿಯನ್ನೂ, ಅದು ಎಷ್ಟೇ ಸಾಧುವಾಗಿರಲಿ, ಒಂದು ಕೋಣೆಯಲ್ಲಿ ಅವೆರಡನ್ನೇ ಬಿಡಬಾರದು. ಹಾಲು ಉಕ್ಕಿತೆಂದು ಅಡುಗೆಮನೆಗೆ ಓಡುವ ಅರೆಗಳಿಗೆಗೂ. ತಿನ್ನುವ, ಮಲಗಿದ ನಾಯಿಯನ್ನು ಮುಟ್ಟಬಾರದು, ಕುತ್ತಿಗೆ ತಬ್ಬಬಾರದು. ನಾಯಿ ಮುಖ ಆಚೆ ತಿರುಗಿಸುವುದು, ನಿದ್ದೆಯಿಲ್ಲದೆ ಆಕಳಿಸುವುದು, ತುಟಿ ನೆಕ್ಕುವುದು, ಕಣ್ಣಿನ ಬಿಳಿ ಕಾಣಿಸುವುದು, ಮರಗಟ್ಟಿ ನಿಲ್ಲುವುದು, ಇವೆಲ್ಲ 'ಸಾಕು' ಎಂಬ ಮಾತುಗಳು. ಗುರ್ ಎಂದರೆ ಹೊಡೆಯಬೇಡಿ. ಗುರುಗುಟ್ಟುವುದನ್ನು ಬಿಡಿಸಿದರೆ ಮುಂದಿನ ಸಲ ಎಚ್ಚರಿಕೆಯಿಲ್ಲದೆ ಬಾಯಿ ಹಾಕುತ್ತದೆ.

ನಮ್ಮ ಮನೆಗಳಲ್ಲಿ ಇನ್ನೊಂದು ತಮಾಷೆಯುಂಟು. ಅಪ್ಪ 'ಸಿಟ್' ಎನ್ನುತ್ತಾರೆ, ಅಮ್ಮ 'ಕೂತ್ಕೋ', ಹುಡುಗ 'ಬೈಠ್', ಅಜ್ಜಿ ತುಳುವಿನಲ್ಲಿ 'ಕುಲ್ಲು'. ನಾಯಿ ಬೆಪ್ಪಾಗಿ ನಿಲ್ಲುತ್ತದೆ. ಒಂದು ಮಾತನ್ನು ಆರಿಸಿಕೊಂಡು ಎಲ್ಲರೂ ಅದನ್ನೇ ಹೇಳಿ. ಕನ್ನಡವಾದರೆ ಹುಡುಗನಿಗೂ ನಾಲ್ಕು ಶಬ್ದ ಬಂದಂತಾಯಿತು!

ಮೂರು ತಿಂಗಳಿಗೆ ಮರಿಗೆ ರೇಬೀಸಿನ ಚುಚ್ಚುಮದ್ದು, ಅನಂತರ ವೈದ್ಯರು ಹೇಳಿದಂತೆ ವರುಷ ವರುಷ. ಮನುಷ್ಯರಿಗೆ ಬರುವ ರೇಬೀಸಿನಲ್ಲಿ ನೂರಕ್ಕೆ 99 ಪಾಲು ನಾಯಿಯಿಂದಲೇ ಬರುವುದು. ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಯುವವರು ಇಲ್ಲವೆಂದೇ ಹೇಳಬೇಕು. ಹಲ್ಲು ತಾಗಿದರೆ, ಮನೆಯ ನಾಯಿಯದೇ ಆದರೂ, ಹರಿಯುವ ನೀರು ಮತ್ತು ಸಾಬೂನಿನಿಂದ ಹದಿನೈದು ನಿಮಿಷ ತೊಳೆದು ಆಸ್ಪತ್ರೆಗೆ ಓಡಿ. ಅರಸಿನ, ಸುಣ್ಣ, ಮೆಣಸಿನ ಪುಡಿ ಬೇಡ. ಮಳೆಗಾಲದಲ್ಲಿ ಇಲಿಜ್ವರದ್ದೂ ಭಯ. 2005ರ ಜುಲೈ 26ರ ನೆರೆಯ ಬಳಿಕ ಈ ಕಾಯಿಲೆ ನಗರವನ್ನು ಎಷ್ಟು ಕಾಡಿತೆಂದು ನಿಮ್ಮ ತಂದೆ ತಾಯಿಯರನ್ನು ಕೇಳಿ. ನಾಯಿಗೂ ಅದು ತಗಲುತ್ತದೆ, ಅದರ ಮೂತ್ರದಿಂದ ಮಗುವಿಗೂ ಹರಡಬಹುದು, ಅದಕ್ಕೂ ಲಸಿಕೆಯುಂಟು. ಚಿಕಿತ್ಸೆಗೆ ಪರೇಲ್‌ನ ಹಳೆಯ ಸಕರ್‌ಬಾಯಿ ಪೆಟಿಟ್ ಪ್ರಾಣಿ ಆಸ್ಪತ್ರೆ ಇದೆ. 2024ರಲ್ಲಿ ಮಹಾಲಕ್ಷ್ಮಿಯಲ್ಲಿ ಟಾಟಾ ಟ್ರಸ್ಟಿನವರದೂ ತೆರೆದಿದೆ.

ಡೊಂಬಿವಲಿಯ ಮಿತ್ರರಿಗೆ ನನ್ನ ಉತ್ತರ ಇಷ್ಟು: ಇನ್ನೆರಡು ವರ್ಷ ತಡೆಯಿರಿ. ಹುಡುಗನಿಗೆ ಆರು ತುಂಬಲಿ, ನೆರೆಯವರ ನಾಯಿಯೊಡನೆ ಬೆರೆತು ಕಲಿಯಲಿ. ಬಳಿಕ ಸಾಧು ಸ್ವಭಾವದ, ಬೆಳೆದ ಊರನಾಯಿಯೊಂದನ್ನು ತನ್ನಿ. ಅದೂ ಅಜ್ಜಿ ಒಪ್ಪಿದರೆ.

ಒಂದು ವಿಷಯ ಬಿಚ್ಚಿ ಹೇಳದೆ ವಿಧಿಯಿಲ್ಲ. ನಾಯಿ ದೊಡ್ಡದಾಗಿ ಕಷ್ಟವಾಯಿತೆಂದರೆ 'ಊರಿಗೆ ಕಳುಹಿಸೋಣ, ತೋಟವಿದೆ' ಎನ್ನುವ ಚಾಳಿ ನಮ್ಮವರಲ್ಲಿ ಇದೆ. ಆ ತೋಟದಲ್ಲಿರುವವರು ಎಪ್ಪತ್ತು ದಾಟಿದ ಅಜ್ಜ ಅಜ್ಜಿ. ಫ್ಯಾನಿನಡಿ ಸೋಫಾದ ಮೇಲೆ ಬೆಳೆದ ನಾಯಿಗೆ ಅಲ್ಲಿ ಚಿರತೆಯ ಭಯ, ಹಾವಿನ ಭಯ. ಗೇಟಿನ ಬಳಿ ಕೂತು ನಿಮ್ಮ ದಾರಿ ಕಾಯುತ್ತ ಅನ್ನ ಬಿಡುವುದೂ ಉಂಟು. ಕಳುಹಿಸುವ ಯೋಚನೆ ಮನಸ್ಸಿನ ಮೂಲೆಯಲ್ಲಿದ್ದರೆ ತರಲೇಬೇಡಿ.

ಮೇ ತಿಂಗಳ ರಜೆಗೆ ನೀವು ಊರಿಗೆ ಹೋಗುವಾಗಲೂ ಇದೇ ತೊಡಕು. ರೈಲಿನ ಸ್ಲೀಪರಿನಲ್ಲಾಗಲಿ, ಏಸಿ ಟೂ ಟಯರ್, ತ್ರೀ ಟಯರುಗಳಲ್ಲಾಗಲಿ ನಾಯಿಗೆ ಪ್ರವೇಶವಿಲ್ಲ. ಪ್ರಥಮ ದರ್ಜೆಯ ಕೂಪೆ ಪೂರ್ತಿ ನಿಮ್ಮದಾದರೆ ಜೊತೆಗಿಟ್ಟುಕೊಳ್ಳಬಹುದು. ಇಲ್ಲವಾದರೆ ಗಾರ್ಡಿನ ಡಬ್ಬಿಯ ಪೆಟ್ಟಿಗೆಯಲ್ಲಿ ರಾತ್ರಿಯಿಡೀ ಒಂಟಿಯಾಗಿ ಬರಬೇಕು, ಆ ಸೆಕೆಯಲ್ಲಿ. ಅದಕ್ಕಿಂತ ಇಲ್ಲಿಯೇ ನಂಬಿಕೆಯ ನೆರೆಮನೆಯಲ್ಲೋ ನಾಯಿ ಇರಿಸಿಕೊಳ್ಳುವವರಲ್ಲೋ ಬಿಡುವುದು ವಾಸಿ. ಟಿಕೆಟನ್ನು ಅರುವತ್ತು ದಿನ ಮೊದಲೇ ಬುಕ್ ಮಾಡುವವರು ನಾವು. ಅದಕ್ಕೂ ಒಂದು ವಾರ ಮುಂಚೆ ನಾಯಿಯನ್ನು ಒಂದು ರಾತ್ರಿ ಅಲ್ಲಿ ಬಿಟ್ಟು ನೋಡಿ. ತಿಂದಿತೇ, ಮಲಗಿತೇ ಎಂದು ಕೇಳಿಕೊಂಡ ಮೇಲೆಯೇ ಟಿಕೆಟಿಗೆ ಕೈಹಾಕಿ.